ಸಹಿ ಹಾಕದ ಎರಡು ಕಾಗದ

ನನ್ನ ಜೀವಮಾನದಲ್ಲಿ ಸಹಿ ಹಾಕದೆ ಎರಡೇ ಎರಡು ಕಾಗದ ಬರೆದಿದ್ದೇನೆ. ಎರಡೂ ಬೊಂಬಾಯಿಯಲ್ಲಿ, ಎರಡೂ ಒಂದೇ ತಿಂಗಳಲ್ಲಿ, ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿದ್ದಾಗ. ಮೊದಲನೆಯದನ್ನು ಬಹಳ ಚೆಂದದ ಅಕ್ಷರದಲ್ಲಿ ಬರೆದೆ. ಅದರಿಂದ ಏನೂ ತಪ್ಪು ಮಾಡದ ಒಬ್ಬ ಹೆಂಗಸಿನ ಮನೆಯೇ ಹೋಗುವ ಹಾಗಾಯಿತು. ಇಂಥ ಕಾಗದ ಬರೆಯುವುದು ಹೇಗೆಂದು ನಾನು ಕಲಿತದ್ದು ಆಮೇಲೆ.

ನಾವಿದ್ದದ್ದು ಚೆಂಬೂರಿನ ಮೂರು ಮಹಡಿಯ ಹಳೆಯ ಬಿಲ್ಡಿಂಗಿನಲ್ಲಿ, ಎರಡನೇ ಮಹಡಿಯಲ್ಲಿ. ನಮ್ಮವರು ರಿಫೈನರಿಯ ಸ್ಟೋರ್ಸ್‌ನಲ್ಲಿ ಕ್ಲಾರ್ಕ್, ನಾನು ಫೋರ್ಟಿನ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಸ್ಟೆನೋ. ಬಿಲ್ಡಿಂಗಿನ ಹಿಂದೆ ಎತ್ತರದ ಕಂಪೌಂಡ್ ಗೋಡೆ, ಗೋಡೆಯಾಚೆ ಕೊಳಚೆ ನೀರಿನ ನಾಲಾ, ನಾಲಾದ ದಂಡೆಗೆ ಝೋಪಡಿಗಳು. ಬಿಜಾಪುರ, ಗುಲ್ಬರ್ಗದ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ಹೋಗುವವರು ಅಲ್ಲಿದ್ದರು. ಆ ಸಾಲಿನ ಕೊನೆಯಲ್ಲಿ, ತಗಡಿನ ಮರೆಯೊಳಗೆ, ಕಳ್ಳ ಸಾರಾಯಿ ಕಾಯಿಸುವ ಭಟ್ಟಿ. ಕೊಳೆತ ಬೆಲ್ಲದ ವಾಸನೆ ನಮ್ಮ ಅಡಿಗೆಮನೆಯ ಕಿಟಕಿಯಿಂದ ನುಗ್ಗಿ, ನಾನು ಇಂಗಿನ ಒಗ್ಗರಣೆ ಹಾಕಿದರೂ ಅದನ್ನೇ ಮೂಸಬೇಕಾಗುತ್ತಿತ್ತು. ಕಾಯಿಸಿದ್ದನ್ನು ಲಾರಿಯ ಟ್ಯೂಬುಗಳಿಗೆ ತುಂಬಿ, ಹೆಗಲಿಗೆ ಹೂವಿನ ಹಾರದ ಹಾಗೆ ಹಾಕಿಕೊಂಡು, ಹಾಡುಹಗಲೇ ಒಯ್ಯುತ್ತಿದ್ದರು. ಕಾನೂನಿನ ಪ್ರಕಾರ ಅದೆಲ್ಲ ದೊಡ್ಡ ಅಪರಾಧ. ಬಿಲ್ಡಿಂಗಿನ ಪ್ರಕಾರ ಅದು ಯಾರಿಗೂ ಕಾಣಿಸದ ವಸ್ತು.

ನಮ್ಮ ಮನೆಯಲ್ಲಿ ಪಾತ್ರೆ ತಿಕ್ಕಲು ಬರುತ್ತಿದ್ದವಳು ಆ ಝೋಪಡಿಯವಳೇ. ಬಿಜಾಪುರದ ಕಡೆಯವಳು, ನನಗಿಂತ ಚಿಕ್ಕವಳು, ಮಾತು ಮಾತ್ರ ನನಗಿಂತ ಚೂಪು. ಒಂದು ದಿನ ಬೆಳಿಗ್ಗೆ ಬಂದವಳು ಪಾತ್ರೆ ತಿಕ್ಕುವ ಮೋರಿಯ ಹತ್ತಿರ ಸುಮ್ಮನೆ ಕೂತುಬಿಟ್ಟಳು.

“ಅಕ್ಕಾರ, ನಿನ್ನಿ ಮುಂಜಾನಿಂದ ಅಂವಗ ಕಣ್ಣ ಕಾಣವಲ್ವು ನೋಡ್ರಿ. ಹೊತ್ತ ಹೊಂಟೈತಿ ಏಳು ಅಂದ್ರ, ಇನ್ನಾ ಕತ್ಲ ಐತಲ್ಲ ಅಂತಾನ.”

ಗಂಡನ ವಿಷಯ. ದವಾಖಾನೆಗೆ ಕರೆದುಕೊಂಡು ಹೋಗಿದ್ದಳು. ಕುಡಿದದ್ದರಲ್ಲಿ ವಿಷವಿತ್ತು, ದೃಷ್ಟಿ ಇನ್ನು ಬರುವುದಿಲ್ಲ ಎಂದಿದ್ದರಂತೆ.

“ಪೊಲೀಸಿಗೆ ಹೇಳು” ಎಂದೆ. ಎಂಥ ಸುಲಭದ ಮಾತು!

“ಹೇಳಿದ್ರ ಸಂಜಿಯೊಳಗ ನಮ್ಮ ಝೋಪಡಿ ಕಿತ್ತ ನಾಲಾದಾಗ ಒಗೀತಾರ್ರಿ. ನೀವ ಹೇಳ್ರಲಾ, ಇಂಗ್ಲೀಸ ಕಲ್ತವ್ರು. ನಿಮ್ಮ ಗ್ವಾಡಿ ಸಿಮಿಟಿಂದು.”

ಆ ಮಾತು ನನ್ನನ್ನು ದಿನವಿಡೀ ಲೋಕಲ್‌ನಲ್ಲಿ, ಆಫೀಸಿನಲ್ಲಿ ಚುಚ್ಚಿತು. ಸಂಜೆ ನಮ್ಮವರಿಗೆ ಹೇಳಿದರೆ, “ನಿನಗೆ ಎಂತಕ್ಕೆ ಊರ ಉಸಾಬರಿ? ಬೊಂಬಾಯಿಯಲ್ಲಿ ಬದುಕಬೇಕಾದರೆ ಕಣ್ಣು ಮುಚ್ಚಿಕೊಳ್ಳಲಿಕ್ಕೆ ಕಲಿಯಬೇಕು” ಎಂದರು.

“ಗೋಡೆಯ ಆಚೆ ಒಬ್ಬ ಕಲಿತಿದ್ದಾನೆ” ಎಂದು ನಾನು ಸಾರಿನ ಪಾತ್ರೆಯನ್ನು ಅವರೆದುರು ಸ್ವಲ್ಪ ಜೋರಾಗಿಯೇ ಇಟ್ಟೆ.

ಭಾನುವಾರ ಅವರು ಊಟ ಮಾಡಿ ಮಲಗಿದ ಮೇಲೆ ಕಾಗದ ಬರೆದೆ. ನನ್ನ ಲೆಟರ್‌ಪ್ಯಾಡ್ ಬಿಟ್ಟು ಅಂಗಡಿಯ ಸಾದಾ ಹಾಳೆ ತಂದಿದ್ದೆ. ಹೆಸರಿಲ್ಲ, ಫ್ಲ್ಯಾಟ್ ನಂಬರಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಪೊಲೀಸರು ನಡುಗುತ್ತಾರೆಂಬ ಭ್ರಮೆ, ಹಾಗಾಗಿ ಇಂಗ್ಲಿಷ್. ‘ನನ್ನ ಅಡಿಗೆಮನೆಯ ಕಿಟಕಿಯಿಂದ ಪ್ರತಿದಿನ ಕಾಣುವುದೇನೆಂದರೆ’ ಎಂದು ಶುರುಮಾಡಿ, ಒಂದೂ ಸ್ಪೆಲಿಂಗ್ ತಪ್ಪಿಲ್ಲದೆ, ಒಂದೂ ಗೀಟು ಹೊಡೆಯದೆ ಎರಡು ಪುಟ. ರೈಲ್ವೆ ಸ್ಟೇಷನ್ನಿನ ಎದುರಿನ ಅಂಚೆ ಡಬ್ಬಿಗೆ ಹಾಕಿ, ನಮ್ಮ ಏರಿಯಾದ ಪೊಲೀಸ್ ಚೌಕಿಗೇ ಕಳಿಸಿದೆ. ಮರಳಿ ಬರುವಾಗ ಕಾಲು ನೆಲ ಮುಟ್ಟಿದ್ದೇ ನೆನಪಿಲ್ಲ, ಅಷ್ಟು ಹೆಮ್ಮೆ.

ನಾಲ್ಕು ದಿನಕ್ಕೆ ಒಂದು ನಾಟಕ ನಡೆಯಿತು. ಇಬ್ಬರು ಹವಾಲ್ದಾರರು ಬಂದು ಖಾಲಿ ಡ್ರಮ್ಮುಗಳನ್ನು ಲಾಠಿಯಿಂದ ಬಾರಿಸಿ ಹೋದರು. ಮಧ್ಯಾಹ್ನಕ್ಕೆ ಹೊಗೆ ಮತ್ತೆ ಎದ್ದಿತು. ಐದನೇ ದಿನ ನಾನು ಆಫೀಸಿನಿಂದ ಬಂದಾಗ ಕೆಳಗಿನ ಮನೆಯ ಬಾಗಿಲಲ್ಲಿ ಜನ ಗುಂಪು ಕಟ್ಟಿ ನಿಂತಿದ್ದರು.

ಕೆಳಗಿನ ಮನೆ ಬಾಯಮ್ಮನದು. ನಮ್ಮ ಮಂಗಳೂರಿನ ಕಡೆ ಕ್ರಿಸ್ತುವರ ಹೆಂಗಸರನ್ನು ಹಾಗೇ ಕರೆಯುವುದು. ಬಿಲ್ಡಿಂಗಿನಲ್ಲಿ ಇದ್ದ ಒಂದೇ ಕ್ರಿಸ್ತುವರ ಮನೆ ಅದು. ಗಂಡ ಹಡಗಿನಲ್ಲಿ ಅಡಿಗೆಯವರಾಗಿದ್ದು ತೀರಿಕೊಂಡಿದ್ದರು, ಮಕ್ಕಳು ದೂರದ ಊರುಗಳಲ್ಲಿದ್ದರು, ಬಾಯಮ್ಮ ಒಂಟಿಯಾಗಿ ಮದುವೆಯ ಗೌನು, ಫ್ರಾಕು ಹೊಲಿದು ಬದುಕುತ್ತಿದ್ದರು. ಅವತ್ತು ಡೆಲಿವರಿಗೆ ತಯಾರಾಗಿ ನೇತುಹಾಕಿದ್ದ ಬಿಳಿ ಸ್ಯಾಟಿನ್ ಗೌನು ಬಾಲ್ದಿಯಲ್ಲಿ ಬಿದ್ದಿತ್ತು. ಮೇಲಿಂದ ಕೆಳಗಿನವರೆಗೆ ಕಪ್ಪು, ಕೊಳೆತ ಬೆಲ್ಲದ ನೀರು.

ಜನರ ಬಾಯಿಂದ ತಿಳಿದದ್ದು ಇಷ್ಟು. ಬೆಳಿಗ್ಗೆ ಹತ್ತಕ್ಕೆ ಭಟ್ಟಿ ನಡೆಸುವ ದಾದಾ ಎರಡು ಜನರ ಜೊತೆ ಅಂಗಳಕ್ಕೆ ಬಂದಿದ್ದ. ಕೈಯಲ್ಲಿ ಆ ಕಾಗದವೇ ಇತ್ತು. ಚೌಕಿಯವರು ಅದನ್ನು ನೇರವಾಗಿ ಅವನಿಗೇ ಕೊಟ್ಟಿದ್ದರು. “ಕೌನ್ ಹೈ ಯೇ ಮಿಸ್ಸಿಬಾಯಿ?” ಎಂದು ಕ್ರಿಸ್ತುವರ ಹೆಂಗಸನ್ನು ಹುಡುಕಿ ಕೂಗಿ, ಬಾಯಮ್ಮನ ಮನೆಗೆ ನುಗ್ಗಿ, ಗೌನಿನ ಮೇಲೆ ಬಾಲ್ದಿ ಸುರಿದು, ಎಂಟು ದಿನದಲ್ಲಿ ರೂಮು ಖಾಲಿ ಮಾಡದಿದ್ದರೆ ಮುಂದಿನದು ಬಟ್ಟೆಯ ಮೇಲೆ ಬೀಳುವುದಿಲ್ಲ ಎಂದು ಹೇಳಿ ಹೋಗಿದ್ದ.

ಜನ ಕರಗಿದ ಮೇಲೆ ಬಾಯಮ್ಮ ನನ್ನನ್ನು ಒಳಗೆ ಕೂರಿಸಿದರು. ದನಿ ಗಟ್ಟಿಯಿತ್ತು.

“ಯಾರೋ ನಮ್ಮವರೇ ಬರೆದದ್ದು ಮಾರಾಯ್ತಿ. ಆ ಕಾಗದದ ನೆತ್ತಿಯಲ್ಲಿ ಜೆ. ಎಂ. ಜೆ. ಅಂತ ಇದೆಯಂತೆ. ಇದೆಂತದು ಅಂತ ಆ ದಾದಾ ನಮ್ಮ ಕ್ರಿಸ್ತುವರ ಬೇಕರಿಯವನಿಗೆ ತೋರಿಸಿದನಂತೆ. ಇದು ಕ್ರಿಸ್ತುವರು ಬರೆಯುವುದು, ಜೀಸಸ್, ಮೇರಿ, ಜೋಸೆಫ್ ಅಂತ ಅವ ಪಾಪ ಗೊತ್ತಿಲ್ಲದೆ ಹೇಳಿದನಂತೆ.”

ನಾನು ನನ್ನ ಬಲಗೈಯನ್ನೇ ನೋಡಿಕೊಂಡೆ.

ಮಂಗಳೂರಿನ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಓದಿದವಳು ನಾನು. ಅಲ್ಲಿ ಯಾವ ಹಾಳೆಯಾಗಲಿ, ಮೊದಲು ನೆತ್ತಿಯ ನಡುವೆ ಪುಟ್ಟದಾಗಿ ಆ ಮೂರು ಅಕ್ಷರ ಬರೆಯಬೇಕು, ಆಮೇಲೆ ಲೆಕ್ಕವೋ ಭೂಗೋಳವೋ. ಬರೆಯದಿದ್ದರೆ ಸಿಸ್ಟರ್ ಹಾಳೆ ವಾಪಸು ಕೊಡುತ್ತಿದ್ದರು. ಹಿಂದೂ ಹುಡುಗಿಯರೂ ಬರೆಯುತ್ತಿದ್ದೆವು, ಮಾರ್ಜಿನ್ ಹಾಕಿದ ಹಾಗೆ, ಅರ್ಥ ಯೋಚಿಸದೆ. ಮದುವೆಯಾದ ಮೇಲೂ ಧೋಬಿಯ ಪಟ್ಟಿಯ ಮೇಲೆ, ರೇಷನ್ನಿನ ಚೀಟಿಯ ಮೇಲೆ ಎಷ್ಟು ಸಲ ಬರೆದು ಒರೆಸಿದ್ದೇನೋ. ಆ ಭಾನುವಾರ ಹೆಸರು ಅಡಗಿಸಿದೆ, ವಿಳಾಸ ಅಡಗಿಸಿದೆ, ಕೈ ಮಾತ್ರ ತನ್ನ ಹ್ಯಾಬಿಟ್ ಬಿಡಲಿಲ್ಲ.

“ಬಾಯಮ್ಮ, ಆ ಕಾಗದ ನಾನು ಬರೆದದ್ದು.”

ಅವರು ನನ್ನನ್ನು ಹಣೆಯಿಂದ ಕಾಲುಂಗುರದವರೆಗೆ ನೋಡಿದರು.

“ನೀನಾ? ಇಷ್ಟು ದೊಡ್ಡ ಕುಂಕುಮ ಇಟ್ಟುಕೊಂಡು ಜೆ. ಎಂ. ಜೆ. ಬರೆದೆಯಾ? ದಿನಾ ರೋಜರಿ ಹೇಳುವವಳು ನಾನು, ನಾನೇ ಬರೆಯುವುದಿಲ್ಲವಲ್ಲ ಮಾರಾಯ್ತಿ!”

ಆಮೇಲೆ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು, ನೀರು ಬಂದ ಮೇಲೆ ಅದು ನಗುವಾಗಿ ಉಳಿಯಲಿಲ್ಲ. “ಅಡಿಗೆಮನೆಯ ಕಿಟಕಿಯಿಂದ ಕಾಣುತ್ತದೆ ಅಂತ ಬೇರೆ ಬರೆದಿದ್ದೀಯಂತೆ. ನನ್ನ ಕಿಟಕಿಯಿಂದ ಕಾಣುವುದು ಗೋಡೆ. ಇಪ್ಪತ್ತು ವರ್ಷದಿಂದ ಗೋಡೆ ನೋಡುತ್ತಿದ್ದೇನೆ.”

“ನಾಳೆಯೇ ಹೋಗಿ ನಾನೇ ಬರೆದದ್ದೆಂದು ಹೇಳುತ್ತೇನೆ.”

“ಯಾರಿಗೆ? ಕಾಗದ ತಗೊಂಡು ಅವನ ಕೈಗೆ ಕೊಟ್ಟ ಚೌಕಿಗಾ? ಆಗ ನನ್ನ ಮನೆಯೂ ಹೋಯಿತು, ನಿನ್ನದೂ ಹೋಯಿತು. ಪಾಪ ಒಪ್ಪಿಕೊಳ್ಳಬೇಕಾದರೆ ಪಾದ್ರಿಗಳ ಹತ್ತಿರ ಹೋಗು. ನನಗೆ ನನ್ನ ರೂಮು ಬೇಕು. ಮೂರು ಮಕ್ಕಳನ್ನು ಹೆತ್ತದ್ದು ಇಲ್ಲಿ, ಒಂದನ್ನು ಕಳೆದುಕೊಂಡದ್ದು ಇಲ್ಲಿ. ಅವನ ಬೆಲ್ಲದ ನೀರಿಗೆ ಹೆದರಿ ಎದ್ದು ಹೋಗುತ್ತೇನಾ?” ಬಾಲ್ದಿಯಿಂದ ಗೌನನ್ನು ಎತ್ತಿ ಹಿಂಡಿದರು. “ಇನ್ನೊಂದು ಬರೆ. ಈ ಸಲ ತಲೆ ಉಪಯೋಗಿಸಿ ಬರೆ.”

ಮರುದಿನ ಬೆಳಿಗ್ಗೆ ಅದೇ ಕೋಣೆಯಲ್ಲಿ ನಾವು ಮೂವರು ಕೂತೆವು: ಬಾಯಮ್ಮ, ನಾನು, ಬಿಜಾಪುರದವಳು. ಅವಳಿಗೆ ಎಲ್ಲ ಹೇಳಿದ್ದೆ. ಅವಳು ಹಣೆ ಚಚ್ಚಿಕೊಂಡು, “ನಿಮ್ಮ ಹೆಸರ ಮುಚ್ಚಿಟ್ಟ ದೇವರ ಹೆಸರ ಬರ್ದೀರಲ್ರಿ ಅಕ್ಕಾರ” ಎಂದಳು.

ಆಫೀಸಿನಲ್ಲಿ ಏಳು ವರ್ಷ ಕಲಿತದ್ದು ಆ ದಿನ ಉಪಯೋಗಕ್ಕೆ ಬಂತು. ಶಿಪ್ಪಿಂಗಿನವರಿಗೆ ಒಂದು ಪದ್ಧತಿಯಿದೆ. ಸರಕು ಕಳೆದುಹೋದರೆ ಒಬ್ಬನಿಗೇ ದೂರು ಬರೆಯುವುದಿಲ್ಲ. ಬಂದರಿಗೆ, ಇನ್ಶೂರೆನ್ಸಿಗೆ, ಏಜೆಂಟಿಗೆ ಒಟ್ಟಿಗೆ ಬರೆದು, ಕೆಳಗೆ ‘ಪ್ರತಿ ಕಳಿಸಿರುವುದು ಇವರಿಗೆ’ ಎಂದು ಎಲ್ಲರ ಪಟ್ಟಿ ಹಾಕುತ್ತೇವೆ. ಆಗ ಯಾವನೂ ಕಾಗದ ಕಳೆದುಹೋಯಿತು ಎನ್ನಲಾರ, ಇನ್ನೊಬ್ಬನ ಮೇಜಿನ ಮೇಲೆ ಅದೇ ಕಾಗದ ಇದೆಯೆಂದು ಅವನಿಗೆ ಗೊತ್ತು. ಸಹಿ ಇಲ್ಲದ ಕಾಗದಕ್ಕೆ ಸ್ವಂತ ಬಲವಿಲ್ಲ. ಆ ಪಟ್ಟಿಯೇ ಅದರ ಬಲ. ಊರಿನ ದೊಡ್ಡ ಪೊಲೀಸ್ ಕಚೇರಿ, ದಾರೂಬಂದಿಯ, ಅಂದರೆ ಪಾನನಿರೋಧದ ಇಲಾಖೆ, ಮುನಿಸಿಪಾಲಿಟಿಯ ಆರೋಗ್ಯಾಧಿಕಾರಿ, ಎರಡು ಪತ್ರಿಕೆ. ನಮ್ಮ ಚೌಕಿಗೆ ಮಾತ್ರ ಇಲ್ಲ.

ಬಿಜಾಪುರದವಳು ವಿವರ ಹೇಳಿದಳು, ನಾನು ಬರೆದುಕೊಂಡೆ. ಬೆಲ್ಲದ ಗಾಡಿ ಯಾವ ವಾರ ಬರುತ್ತದೆ, ಟ್ಯೂಬುಗಳು ಯಾವ ಹೊತ್ತಿಗೆ ಹೊರಡುತ್ತವೆ, ಡ್ರಮ್ಮುಗಳನ್ನು ನಾಲಾದ ಯಾವ ಕಡೆ ಹೂತಿದ್ದಾರೆ, ಯಾರ್‍ಯಾರ ಕಣ್ಣು ಹೋಗಿದೆ. ಅವಳ ಗಂಡನಲ್ಲದೆ ಇನ್ನಿಬ್ಬರು. ಬಾಯಮ್ಮ ಕತ್ತರಿ ಹಿಡಿದ ಹಾಗೆ ಕೇಳುತ್ತಿದ್ದರು.

“ಇದು ನಿನ್ನ ಕಿಟಕಿಯಿಂದ ಮಾತ್ರ ಕಾಣುವುದಾ? ತೆಗೆ.”

“ಇದು ಇವಳ ಝೋಪಡಿಯವರಿಗೆ ಮಾತ್ರ ಗೊತ್ತಿರುವುದಾ? ತೆಗೆ.”

“ಇದು ದಾರಿಯಲ್ಲಿ ಹೋಗುವ ನಾಯಿಗೂ ಗೊತ್ತು. ಇದು ಇರಲಿ.”

ಹಾಗೆ ಕತ್ತರಿಸಿ ಕತ್ತರಿಸಿ, ಯಾರು ಬೇಕಾದರೂ ಬರೆದಿರಬಹುದಾದ ಒಂದು ಪುಟ ಉಳಿಯಿತು. ಕೊನೆಗೊಂದು ಪ್ಯಾರಾ ನಾನೇ ಸೇರಿಸಿದೆ: ಇದಕ್ಕೆ ಮೊದಲು ಚೌಕಿಗೆ ಕಳಿಸಿದ ದೂರು ಭಟ್ಟಿಯವನ ಕೈ ಸೇರಿದೆ, ಅವನು ಅದನ್ನು ಬೆಳಿಗ್ಗೆ ಹತ್ತು ಗಂಟೆಗೆ ಬಿಲ್ಡಿಂಗಿನ ಅಂಗಳದಲ್ಲಿ ಎಲ್ಲರೆದುರು ಬೀಸಿ ತೋರಿಸಿ ಬೆದರಿಸಿದ್ದಾನೆ, ಇನ್ನು ಇಲ್ಲಿ ಯಾರಿಗೆ ಏನಾದರೂ ಆದರೆ ಕಾರಣ ಯಾರೆಂದು ಈ ಐದು ಕಚೇರಿಗಳಿಗೂ ಗೊತ್ತಿರಲಿ. ಬಾಯಮ್ಮ ಆ ಪ್ಯಾರಾವನ್ನು ಎರಡು ಸಲ ಓದಿಸಿಕೊಂಡರು.

ಕೈಬರಹ ಬೇಡವೇ ಬೇಡ. ನನ್ನ ಆಫೀಸಿನ ಮೆಷಿನ್ನೂ ಬೇಡ, ಅದರ ‘ಆರ್’ ಅಕ್ಷರ ಯಾವಾಗಲೂ ಗೆರೆಯಿಂದ ಮೇಲೆ ಹಾರಿ ಕೂರುತ್ತಿತ್ತು, ಗುರುತು ಸಿಗುತ್ತದೆ. ಮಾಟುಂಗದಲ್ಲಿ ಟೈಪಿಂಗ್ ಕ್ಲಾಸುಗಳು ಬೇಕಾದಷ್ಟು. ಅಂಥ ಒಂದಕ್ಕೆ ಹೋದೆ. ಇಪ್ಪತ್ತು ಮೆಷಿನ್ನು ಒಟ್ಟಿಗೆ ಕುಟ್ಟುತ್ತಿದ್ದವು, ಯಾರು ಏನು ಹೊಡೆಯುತ್ತಾರೆಂದು ಕೇಳುವವರಿಲ್ಲ. ಐದು ಹಾಳೆಗಳ ನಡುವೆ ಹೊಸ ಕಾರ್ಬನ್ ಇಟ್ಟು ಹೊಡೆದೆ. ಹೊಸ ಕಾರ್ಬನ್ನಿನ ಮೇಲೆ ಹೊಡೆದ ಅಕ್ಷರ ಹಾಗೇ ಕೂತಿರುತ್ತದೆ, ಬೆಳಕಿಗೆ ಹಿಡಿದರೆ ಓದಬಹುದು. ಅದನ್ನು ಅಲ್ಲಿ ಎಸೆಯದೆ ಪರ್ಸಿನಲ್ಲಿ ಮಡಚಿ ತಂದು ಬಾಯಮ್ಮನ ಸ್ಟವ್ವಿನಲ್ಲಿ ಸುಟ್ಟೆವು.

ಅವರು ಐದೂ ಹಾಳೆಯ ನೆತ್ತಿಯನ್ನು ಕನ್ನಡಕ ಹಾಕಿಕೊಂಡು ಪರೀಕ್ಷಿಸಿದರು. “ನಿನ್ನನ್ನು ನಂಬಲಿಕ್ಕಾಗುವುದಿಲ್ಲ.”

ಒಂದೇ ಡಬ್ಬಿಗೆ ಎಲ್ಲವನ್ನೂ ಹಾಕಲಿಲ್ಲ. ಮುಲುಂಡಿನಲ್ಲಿ ನನ್ನ ನಾದಿನಿಯ ಮನೆಗೆ ಹೋಗುವುದಿತ್ತು, ಎರಡು ಅಲ್ಲಿ. ಬಾಯಮ್ಮ ಒಬ್ಬರ ರವಿಕೆ ಕೊಡಲು ದಹಿಸರ್‌ಗೆ ಹೋದರು, ಎರಡು ಅಲ್ಲಿ. ಉಳಿದ ಒಂದನ್ನು ಲಂಚ್ ಟೈಮಿನಲ್ಲಿ ಫೋರ್ಟಿನಲ್ಲೇ ಹಾಕಿದೆ. ಆಮೇಲೆ ಮಾಡುವುದೇನೂ ಉಳಿಯಲಿಲ್ಲ. ಅದೇ ಎಲ್ಲಕ್ಕಿಂತ ಕಷ್ಟ. ಕಾಯುವುದು, ಬಾಯಿ ಮುಚ್ಚಿಕೊಂಡಿರುವುದು, ಗಂಡನಿಗೂ ಹೇಳದಿರುವುದು.

ಎಂಟನೇ ದಿನ ಬಂತು. ಯಾವ ಕಚೇರಿಯಿಂದಲೂ ಯಾರೂ ಬಂದಿರಲಿಲ್ಲ. ನಾನು ಆಫೀಸಿಗೆ ಸಿಕ್ ಲೀವ್ ಹಾಕಿದೆ. ಕೆಳಗಿಳಿದು ನೋಡಿದರೆ ಬಾಯಮ್ಮ ಹೊಲಿಗೆ ಮೆಷಿನ್ನನ್ನು ಬಾಗಿಲ ಹೊರಗೆ, ಅಂಗಳಕ್ಕೆ ಕಾಣುವ ಹಾಗೆ ಎಳೆದು ಹಾಕಿ ಹೊಲಿಯುತ್ತ ಕೂತಿದ್ದಾರೆ. ಹೊಸ ಬಿಳಿ ಸ್ಯಾಟಿನ್. ಒಳ್ಳೆಯ ಸೀರೆ ಉಟ್ಟಿದ್ದರು, ಇಗರ್ಜಿಗೆ ಹೋಗುವವರ ಹಾಗೆ.

ನಾನು ಅಕ್ಕಿಯ ಮೊರ ತಂದು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಮೊದಲ ಮಹಡಿಯ ಸಿಂಧಿ ಅಜ್ಜಿ ಹಪ್ಪಳದ ಹಿಟ್ಟು ಹಿಡಿದು ಇಳಿದರು. ಅವರ ಹಿಂದೆ ಮರಾಠಿ ಬಾಯಿ, ತಮಿಳು ಮಾಮಿ, ಆಮೇಲೆ ಯಾರ್‍ಯಾರೋ. ಕರೆದವರಿಲ್ಲ. ಆ ಗೌನನ್ನು ಎಲ್ಲರೂ ನೋಡಿದ್ದರು. ಅಷ್ಟೇ ಸಾಕಾಯಿತು. ಅಂಗಳ ತುಂಬ ಮೊರ, ಹಲಗೆ, ಸ್ವೆಟರಿನ ಕಡ್ಡಿ.

ಹನ್ನೊಂದಕ್ಕೆ ದಾದಾ ಬಂದ. ಗೇಟಿನಲ್ಲಿ ನಿಂತ. ಅಷ್ಟು ಹೆಂಗಸರು ಒಟ್ಟಿಗೆ ತಲೆ ಎತ್ತಿ ಅವನನ್ನು ನೋಡಿದರು.

ಬಾಯಮ್ಮ ಮೆಷಿನ್ ನಿಲ್ಲಿಸಿದರು. ಕುತ್ತಿಗೆಯ ಟೇಪ್ ತೆಗೆದು ಸೊಂಟದ ಅಳತೆ ತೆಗೆಯುವವರ ಹಾಗೆ ಎರಡೂ ಕೈಯಲ್ಲಿ ಚಾಚಿ ಹಿಡಿದು, ತಮ್ಮ ಹರಕು ಹಿಂದಿಯಲ್ಲಿ ಕೇಳಿದರು: “ಆವೋ, ಆವೋ. ಮಾಪ್ ದೇನೇ ಕೋ ಆಯಾ ಕ್ಯಾ? ಕಮರ್ ಬಹುತ್ ಬಢ್ ಗಯಾ ತುಮ್ಹಾರಾ.”

ಸಿಂಧಿ ಅಜ್ಜಿ ಮೊದಲು ನಕ್ಕರು. ಆಮೇಲೆ ಅಂಗಳವೇ ನಕ್ಕಿತು. ಅವನು ಏನೋ ಬೈದ, ನಾಳೆ ನೋಡುತ್ತೇನೆ ಎಂದ. ಹಿಂದಿರುಗಿ ಹೋಗುವಾಗ ಸೊಂಟದ ಬೆಲ್ಟನ್ನು ಮೇಲೆಳೆದುಕೊಂಡದ್ದನ್ನು ನಾನು ನೋಡಿದೆ.

ಅವನ ‘ನಾಳೆ’ ಬರುವ ಮೊದಲು ಭಾನುವಾರ ಬಂತು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಎರಡು ಜೀಪು, ಒಂದು ಲಾರಿ. ನಮ್ಮ ಚೌಕಿಯವರು ಒಬ್ಬರೂ ಅಲ್ಲ, ಊರಿನ ದೊಡ್ಡ ಕಚೇರಿಯವರು. ನಾಲಾದ ಕೆಸರಿನಿಂದ ಡ್ರಮ್ಮುಗಳನ್ನು ಅಗೆದು ತೆಗೆದರು, ಟ್ಯೂಬುಗಳನ್ನು ಕೊಯ್ದರು. ದಾದಾನನ್ನು ಕೈಗೆ ಹಗ್ಗ ಹಾಕಿ ನಡೆಸಿಕೊಂಡು ಹೋದರು. ಸಂತೋಷದಲ್ಲಿ ಉತ್ಪ್ರೇಕ್ಷೆ ಮಾಡುವುದಿಲ್ಲ: ಅವನು ಜಾಮೀನಿನ ಮೇಲೆ ಹೊರಗೆ ಬಂದ, ಬೇರೆ ಕಡೆ ಬೇರೆ ಹೊಗೆ ಎಬ್ಬಿಸಿದ ಎಂದೂ ಕೇಳಿದೆ. ನಮ್ಮ ನಾಲಾದ ಕಡೆ ಮಾತ್ರ ಮತ್ತೆ ಬರಲಿಲ್ಲ. ಚೌಕಿಯ ಸಾಹೇಬರಿಗೆ ವರ್ಗವಾಯಿತು. ಕಣ್ಣು ಹೋದವನಿಗೆ ಕಣ್ಣು ಬರಲಿಲ್ಲ. ಬಾಯಮ್ಮ ಅದೇ ರೂಮಿನಲ್ಲಿ ಇನ್ನೂ ಹದಿನಾರು ವರ್ಷ ಹೊಲಿದು, ಅಲ್ಲೇ ತೀರಿಕೊಂಡರು. ಅವರ ಮೆಷಿನ್ನಿನ ಸದ್ದು, ಆ ಕೊಂಕಣಿ ಬೆರೆತ ಬೈಗುಳ ಈಗಲೂ ನನ್ನ ಕಿವಿಯಲ್ಲಿವೆ.

ಆದರೆ ಆ ಭಾನುವಾರದ ಒಂದು ಸಂಗತಿ ಹೇಳದೆ ಇದು ಮುಗಿಯುವುದಿಲ್ಲ. ಸಿಕ್ಕಿದ ಮಾಲಿನ ಪಂಚನಾಮೆ ಬರೆದು ಅಧಿಕಾರಿ ಬಿಲ್ಡಿಂಗಿನ ಅಂಗಳಕ್ಕೆ ಬಂದರು. ನೋಡಿದ್ದಕ್ಕೆ ಸಾಕ್ಷಿಯಾಗಿ ಸ್ಥಳದ ಇಬ್ಬರು ಸಹಿ ಹಾಕಬೇಕು. ಅಷ್ಟು ಹೊತ್ತು ಗ್ಯಾಲರಿಯಲ್ಲಿ ತುಂಬಿದ್ದ ಗಂಡಸರು ನೀರಿನ ಹಾಗೆ ಇಂಗಿಹೋದರು. ಒಬ್ಬರಿಗೆ ಸ್ನಾನ ಆಗಿರಲಿಲ್ಲ, ಒಬ್ಬರಿಗೆ ಟ್ರೇನು ಹಿಡಿಯಬೇಕಿತ್ತು. ನಮ್ಮವರಿಗೆ ಹೊಟ್ಟೆನೋವು.

“ಗಂಡಸರು ಯಾರೂ ಇಲ್ಲವೆ?” ಎಂದು ಅಧಿಕಾರಿ ಕೇಳಿದರು.

“ಇದ್ದಾರೆ, ಸಿಗುವುದಿಲ್ಲ” ಎಂದು ಬಾಯಮ್ಮ ಪೆನ್ನಿಗೆ ಕೈ ಚಾಚಿದರು.

ನಾನು ಆ ಕೈ ಹಿಡಿದೆ. ಅವರ ಸಹಿ ಬಿದ್ದರೆ ಕಾಗದ ಬರೆದವರೂ ಅವರೇ ಎಂದಾಗುತ್ತದೆ, ಜೀವಮಾನವಿಡೀ ಆ ಅಪವಾದ ಅವರ ತಲೆಯ ಮೇಲೆ. ಹೆಸರಿಲ್ಲದೆ ಬರೆದದ್ದಕ್ಕೆ ನನಗೆ ನಾಚಿಕೆಯಿರಲಿಲ್ಲ, ಈಗಲೂ ಇಲ್ಲ. ಹೆಸರು ಹೇಳಿದರೆ ಮನೆ ಕಳೆದುಕೊಳ್ಳಬೇಕಾದ ಊರಿನಲ್ಲಿ ಹೆಸರು ಹೇಳದಿರುವುದು ಪ್ರಜೆಯ ಹಕ್ಕು, ಹೇಡಿತನವಲ್ಲ. ಆದರೆ ಈಗ ಡ್ರಮ್ಮುಗಳು ಊರೆದುರು ಬಿಸಿಲಿನಲ್ಲಿ ಬಿದ್ದಿದ್ದವು. ಇದು ನಾನೊಬ್ಬಳು ಕಂಡದ್ದಲ್ಲ, ಎಲ್ಲರೂ ಕಂಡದ್ದು. ಇನ್ನು ಹೆಸರಿಗೆ ಅಷ್ಟು ಭಯ ಬೇಕಿರಲಿಲ್ಲ.

“ನಾನು ಹಾಕುತ್ತೇನೆ.”

ಪೆನ್ನು ಹಾಳೆಗೆ ಮುಟ್ಟುವಾಗ ಎಚ್ಚರವಾಯಿತು. ಆ ಕಾನ್ವೆಂಟ್ ಹ್ಯಾಂಡ್‌ರೈಟಿಂಗಿನ ಎರಡು ಪುಟ ಇನ್ನೂ ಯಾರದೋ ಜೇಬಿನಲ್ಲಿದೆ. ಕೈ ಎತ್ತಿದೆ. ಆಮೇಲೆ ನನ್ನ ಹೆಸರು, ತಂದೆಯ ಹೆಸರು, ಗಂಡನ ಹೆಸರು, ಎಲ್ಲವನ್ನೂ ಕನ್ನಡದಲ್ಲಿ ಬರೆದೆ. ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಸಹಿ ಹಾಕಿದ್ದೇ ಇಲ್ಲ. ಅಕ್ಷರಗಳು ಒಂದರ ಮೇಲೊಂದು ವಾಲಿದವು. ಅಧಿಕಾರಿ ಹಾಳೆಯನ್ನು ತಿರುಗಿಸಿ ನೋಡಿ ಯಾವ ಭಾಷೆ ಎಂದರು. “ನನ್ನದು” ಎಂದೆ.

“ಇನ್ನೊಬ್ಬರು?”

ಗೇಟಿನ ಕಡೆಯಿಂದ ಬಿಜಾಪುರದವಳು ಬಂದಳು. ಕೈಗೆ ಪಾತ್ರೆಯ ಬೂದಿ ಮೆತ್ತಿತ್ತು, ಸೆರಗಿಗೆ ಒರೆಸಿಕೊಂಡಳು. ಒಂದು ಕೈಯಲ್ಲಿ ಗಂಡನನ್ನು ಹಿಡಿದು ತಂದಿದ್ದಳು. ಅವನನ್ನು ಮೆಟ್ಟಿಲ ಮೇಲೆ ಕೂರಿಸಿ, “ಇಲ್ಲೇ ಕುಂದ್ರು, ಬರ್ತೀನಿ” ಎಂದು ನೇರ ಅಧಿಕಾರಿಯ ಹತ್ತಿರ ಬಂದಳು.

“ನಿನ್ನ ಝೋಪಡಿ…” ಎಂದೆ ಮೆಲ್ಲಗೆ.

“ಎಲ್ಲಾರ ಮುಂದ ಕಿತ್ತ ಒಗೀಲಿ ನೋಡೂನು” ಎಂದಳು. ಶಾಯಿಯ ಪ್ಯಾಡಿನ ಮೇಲೆ ಹೆಬ್ಬೆರಳನ್ನು ಉಗುರು ಬೆಳ್ಳಗಾಗುವಷ್ಟು ಒತ್ತಿ, ಹಾಳೆಯ ಮೇಲೆ ಅದಕ್ಕಿಂತ ಜೋರಾಗಿ ಒತ್ತಿದಳು. ಅಧಿಕಾರಿ ಸಾಕು ಸಾಕು ಎಂದು ಹಾಳೆ ಎಳೆದುಕೊಂಡರು.

ಅವಳು ಇನ್ನೊಂದು ಹೆಬ್ಬೆರಳನ್ನೂ ಮುಂದೆ ಚಾಚಿ ನಿಂತಿದ್ದಳು. “ಈ ಕೈದೂ ತಗೋರಿ ಸಾಹೇಬ್ರ. ಅಂವನ ಪಾಲಿಂದು.”